ಹಲವು ಲ್ಯಾಬುಗಳ ರಿಪೋರ್ಟನ್ನು ಒಂದೇ ಪಟ್ಟಿಗೆ ತರುವುದು ಹೇಗೆ

ನಾಲ್ಕೈದು ವರ್ಷದ ಶುಗರ್, ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ) ಫಲಿತಾಂಶಗಳನ್ನು ಬೇರೆ ಬೇರೆ ಲ್ಯಾಬುಗಳಿಂದ ತಂದು ಜೋಡಿಸುವಾಗ ಹೊತ್ತು ಹೋಗುವುದು ಲೆಕ್ಕಕ್ಕಲ್ಲ, ಅದಕ್ಕೆ ಮುಂಚಿನ ಶುಚಿ ಕೆಲಸಕ್ಕೆ. ಬಂದ ಫೈಲನ್ನು ಬಂದ ಹಾಗೇ ಒಂದು ಕಡೆ ಎತ್ತಿಡಿ. ತಿದ್ದುವುದೆಲ್ಲ ನಕಲಿನಲ್ಲಿ.

ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಟೆಕ್ಸ್ಟ್) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಎಲ್ಲ ಕಾಲಂಗಳಿಗೂ ಟೆಕ್ಸ್ಟ್ ಎಂದು ಕೊಡಿ. ಇಲ್ಲದಿದ್ದರೆ ಓಪಿಡಿ ನಂಬರು 00457 ಬರೀ 457 ಆಗುತ್ತದೆ. 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಖಾತೆ) ಸಂಖ್ಯೆ 9.12ಇ+13 ಎಂದು ಕಾಣುತ್ತದೆ. ಹಾಗೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಉಳಿಯುವುದೂ ಅಷ್ಟೇ, ಮಿಕ್ಕ ಅಂಕಿಗಳು ಹೋದವು. ದಿನಾಂಕದ ಕಾಟ ಇದಕ್ಕಿಂತ ಕೆಟ್ಟದ್ದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಏಪ್ರಿಲ್ 3ರ 03/04/2023 ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ, 25/04/2023 ಮಾತ್ರ ಅರ್ಥವಾಗದೆ ಟೆಕ್ಸ್ಟಾಗಿ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿದ್ದರೆ ಆಗಿರುವುದು ಇದೇ. (ಜೀನ್‌ಗಳ ಹೆಸರನ್ನೂ ಎಕ್ಸೆಲ್ ಹೀಗೇ ದಿನಾಂಕ ಮಾಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಅಂಥ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು!)

ಆಮೇಲೆ ಯುನಿಟ್. ಕ್ರಿಯೇಟಿನಿನ್‌ನಲ್ಲಿ ಒಂದು ಮಿಲಿಗ್ರಾಂ/ಡೆಸಿಲೀಟರ್ ಎಂದರೆ 88.4 ಮೈಕ್ರೋಮೋಲ್/ಲೀಟರ್, 1.1 ಮತ್ತು 97 ಅಕ್ಕಪಕ್ಕ ಬಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಗ್ಲೂಕೋಸ್ ಹಾಗಲ್ಲ. ಒಂದು ಮಿಲಿಮೋಲ್/ಲೀಟರ್ ಎಂದರೆ ಸುಮಾರು 18 ಮಿಲಿಗ್ರಾಂ/ಡೆಸಿಲೀಟರ್. ಯುನಿಟ್ ಬರೆಯದೆ ಬರೀ 30 ಎಂದಿದ್ದರೆ ಅದು ಸಕ್ಕರೆ ಅಪಾಯಕ್ಕೆ ಇಳಿದ ರೋಗಿಯದೂ ಇರಬಹುದು, 540ಕ್ಕೆ ಏರಿದವರದೂ ಇರಬಹುದು. ಅಂದಾಜಿನಲ್ಲಿ ಗುಣಿಸಬೇಡಿ, ಲ್ಯಾಬಿಗೆ ಫೋನ್ ಮಾಡಿ. ಮೂಲ ಅಂಕಿ ಮತ್ತು ಯುನಿಟ್ ಅಳಿಸದೆ, ಪರಿವರ್ತಿಸಿದ್ದಕ್ಕೆ ಬೇರೆ ಕಾಲಂ ಮಾಡಿ. ಖಾಲಿ ಹೊಟ್ಟೆಯದೋ ಊಟದ ನಂತರದ್ದೋ ಎಂಬುದಕ್ಕೂ ಒಂದು ಕಾಲಂ ಬೇಕು.

ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ "<0.01" ಎಂದು ಬಂದರೆ 'ಅದಕ್ಕಿಂತ ಕಡಿಮೆ' ಎಂಬ ಚಿಹ್ನೆಯನ್ನು ಪಕ್ಕದ ಕಾಲಂಗೆ ಹಾಕಿ, ಸೊನ್ನೆ ಮಾಡಬೇಡಿ. ಖಾಲಿ ಬಿಟ್ಟ ಜಾಗಕ್ಕೂ ಸೊನ್ನೆ ತುಂಬಬೇಡಿ: ಪರೀಕ್ಷೆಯೇ ಆಗಿಲ್ಲವೋ, ಸ್ಯಾಂಪಲ್ ತಿರಸ್ಕರಿಸಿದರೋ ಎಂದು ಬರೆಯಿರಿ. ರಿಮಾರ್ಕ್ಸ್ ಕಾಲಂ ಅಳಿಸುವವರು ಬಹಳ. ಸ್ಯಾಂಪಲ್ ಹೀಮೊಲೈಸ್ ಆಗಿದೆ ಎಂಬ ಟಿಪ್ಪಣಿ ಇರುವುದು ಅಲ್ಲೇ; ಕೆಂಪು ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿದ್ದರೆ, ಕಾಣುವ 6.5 ರೋಗಿಯದ್ದೇ ಆಗಿರಬೇಕಿಲ್ಲ.

ಒಬ್ಬರೇ ರೋಗಿಯನ್ನು ಗುರುತಿಸುವುದು ಎಲ್ಲಕ್ಕಿಂತ ತಲೆನೋವು. ಇಂಗ್ಲಿಷಿನಲ್ಲಿ ಲಕ್ಷ್ಮಿ ಎಂಬ ಹೆಸರಿಗೇ ಮೂರು ನಾಲ್ಕು ಸ್ಪೆಲ್ಲಿಂಗ್; ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಮೊಬೈಲ್ ನಂಬರು ಮನೆಮಂದಿಗೆಲ್ಲ ಒಂದೇ ಇರುವುದರಿಂದ ಅದನ್ನು ನಂಬಿ ಸೇರಿಸಿದರೆ ಅತ್ತೆಯ ಶುಗರ್ ಸೊಸೆಯ ಲೆಕ್ಕಕ್ಕೆ ಹೋಗುತ್ತದೆ. ಹೆಸರು, ಲಿಂಗ, ಊರು, ಹುಟ್ಟಿದ ವರ್ಷ ಒಟ್ಟಿಗೆ ಹೋಲಿಸಿ. ವಯಸ್ಸನ್ನು 40, 45 ಎಂದು ಅಂದಾಜಿನಲ್ಲಿ ಹೇಳುವವರೇ ಹೆಚ್ಚು, ಹಾಗಾಗಿ ವರ್ಷಕ್ಕೆ ಎರಡು ಮೂರು ಆಚೀಚೆ ಬಿಡಿ. ಅನುಮಾನ ಉಳಿದ ಜೋಡಿಗಳನ್ನು ಕಣ್ಣಾರೆ ನೋಡಿಯೇ ಸೇರಿಸಿ. ಇಬ್ಬರನ್ನು ಒಬ್ಬರು ಮಾಡುವುದಕ್ಕಿಂತ ಒಬ್ಬರನ್ನು ಇಬ್ಬರಾಗಿ ಬಿಡುವುದು ವಾಸಿ.

ಪಟ್ಟಿಯನ್ನು ಬೇರೆಯವರಿಗೆ ಕೊಡುವ ಮುಂಚೆ ಹೆಸರು, ಫೋನ್, ಆಭಾ ತೆಗೆದು ಸಂಕೇತ ಸಂಖ್ಯೆ ಕೊಡಿ; ಯಾವ ಸಂಖ್ಯೆ ಯಾರದು ಎಂಬ ಫೈಲ್ ಬೇರೆ ಕಂಪ್ಯೂಟರಿನಲ್ಲಿರಲಿ. ಅಷ್ಟಕ್ಕೇ ಮುಗಿಯಲಿಲ್ಲ. ಸಣ್ಣ ಹಳ್ಳಿಯ ಹೆಸರು, ವಯಸ್ಸು, ಅಪರೂಪದ ರೋಗ ಮೂರೂ ಇದ್ದರೆ ಊರವರಿಗೆ ಹೆಸರೇ ಬೇಡ. ಹಳ್ಳಿಯ ಬದಲು ತಾಲ್ಲೂಕು, ವಯಸ್ಸಿನ ಬದಲು 40–49 ಎಂದು ಹಾಕಿ. ದಿನಾಂಕ ಮರೆಮಾಡಬೇಕಿದ್ದರೆ ಒಬ್ಬ ರೋಗಿಯ ಎಲ್ಲ ದಿನಾಂಕಗಳನ್ನೂ ಒಂದೇ ಸಮ, ಉದಾಹರಣೆಗೆ 37 ದಿನ ಹಿಂದಕ್ಕೆ ಸರಿಸಿ. ಇನ್ನೊಬ್ಬರಿಗೆ ಬೇರೆ ಸಂಖ್ಯೆ. ಆಗ ಎರಡು ಪರೀಕ್ಷೆಗಳ ನಡುವಿನ ಅಂತರ ಕೆಡುವುದಿಲ್ಲ.