‘ಪಾಸಿಂಗ್’ ಕಾದಂಬರೀನ ಕನ್ನಡದಲ್ಲಿ ಸ್ಟೇಜಿಗೆ ತಂದಿದ್ದು: ನನ್ನ ಅನುಭವ

"ಪಾತ್ರ ತನ್ನ ಬಗ್ಗೆ ತಾನೇ ‘ಅವಳು ಎದ್ದಳು, ಅವಳು ಕಿಟಕಿ ಹತ್ರ ಹೋದಳು’ ಅಂತ ಹೇಳ್ತಿದ್ರೆ ಯಾರ್ರೀ ಕೂತು ನೋಡ್ತಾರೆ, ಅದು ನಾಟಕ ಅಲ್ಲ ಕಾಮೆಂಟ್ರಿ" ಅಂತ ನನ್ನ ಮುಖದ ಮೇಲೇ ಹೇಳಿದವರು ಕಮ್ಮಿ ಅಂದ್ರೂ ನಾಲ್ಕು ಜನ ಇದ್ದಾರೆ, ಅವರಲ್ಲಿ ಇಬ್ರು ಎರಡನೇ ಶೋಗೆ ದುಡ್ಡು ಕೊಟ್ಟು ಬಂದಿದ್ರು. ಅಮೆರಿಕದ ಲೇಖಕಿ ನೆಲ್ಲಾ ಲಾರ್ಸನ್ ಅವರ ‘ಪಾಸಿಂಗ್’ ಕಾದಂಬರೀನ ನಾವು ಕನ್ನಡ ನಾಟಕ ಮಾಡಿದ್ರ ಬಗ್ಗೆ ಈ ಪೋಸ್ಟ್ ಬರೀತಿರೋದಕ್ಕೆ ಅರ್ಧ ಕಾರಣ ಅದೇ. ಇನ್ನರ್ಧ, ಕಾದಂಬರಿ ಇಟ್ಕೊಂಡು ಒದ್ದಾಡ್ತಿರೋ ಬೇರೆ ಹವ್ಯಾಸಿ ತಂಡದವರಿಗೆ ನಾವು ಕಳ್ಕೊಂಡ ದುಡ್ಡಾದ್ರೂ ಉಳೀಲಿ ಅಂತ.

ನಾನಿರೋದು ಬಾಸ್ಟನ್‌ನಿಂದ ಒಂದೂವರೆ ಗಂಟೆ ಡ್ರೈವ್ ದೂರದಲ್ಲಿ. 2022ರ ಚಳಿಗಾಲದಲ್ಲಿ ಹಂಟಿಂಗ್ಟನ್ ಥಿಯೇಟರ್‌ನವರು ಟೋನಿ ಮಾರಿಸನ್ ಅವರ ಕಾದಂಬರಿ ‘ದಿ ಬ್ಲೂಯೆಸ್ಟ್ ಐ’ ಆಡಿದ್ರು, ಲಿಡಿಯಾ ಡೈಮಂಡ್ ಮಾಡಿದ ರಂಗರೂಪ. ಮಾಸ್ಕ್ ಹಾಕ್ಕೊಂಡು ಹೋಗಿ ನೋಡಿದೆ. ನೀಲಿ ಕಣ್ಣು ಬೇಕು ಅಂತ ಬೇಡೋ ಪೆಕೋಲಾ ಅನ್ನೋ ಕಪ್ಪು ಹುಡುಗಿ ಕಥೆ ನಿಮಗೆ ಗೊತ್ತೇ ಇರುತ್ತೆ, ಅದನ್ನ ಮತ್ತೆ ಹೇಳಲ್ಲ. ನನ್ನ ತಲೇಲಿ ಕೂತಿದ್ದು ಬೇರೆ ವಿಷಯ. ಹುಡುಗಿಯರು ಕಾದಂಬರಿಯ ನಿರೂಪಣೆನ ಡೈಲಾಗ್ ಮಾಡೋಕೆ ಹೋಗದೆ ಹಾಗ್‌ಹಾಗೇ ನಮ್ಮನ್ನ ನೋಡ್ಕೊಂಡು ಹೇಳ್ತಿದ್ರು, ಮರುಕ್ಷಣ ಪಾತ್ರದೊಳಗೆ ಹೋಗ್ತಿದ್ರು, ಮತ್ತೆ ಹೊರಗೆ. ವಾಪಸ್ ಬರ್ತಾ ಕಾರಲ್ಲಿ ಹೆಂಡತಿಗೆ ಹೇಳಿದೆ, "ಇದು ನಮ್ಮ ತಾಳಮದ್ದಳೆ ಕಣೇ". ತಾಳಮದ್ದಳೆ ಅಂದ್ರೆ ವೇಷ, ಕುಣಿತ ಇಲ್ಲದ ಯಕ್ಷಗಾನ: ಹಾಡೋ ಭಾಗವತರ ಪದ ಅವನು ಅಂತ ಹೇಳುತ್ತೆ, ಪಾತ್ರವಾಗಿ ಮಾತಾಡೋ ಅರ್ಥಧಾರಿ ನಾನು ಅಂತ ಶುರು ಮಾಡ್ತಾನೆ. ಇವರು ಎರಡನ್ನೂ ಒಂದೇ ಬಾಯಿಗೆ ಹಾಕಿದ್ದಾರೆ, ಅಷ್ಟೇ. ಅವಳು "ನಿಂಗೆ ಎಲ್ಲದರಲ್ಲೂ ಶಿರಸಿನೇ ಕಾಣ್ಸುತ್ತೆ" ಅಂದು ಮಲ್ಕೊಂಡ್ಲು.

ಬ್ಲೂಯೆಸ್ಟ್ ಐ ನಾವು ಮುಟ್ಟೋ ಹಾಗಿಲ್ಲ, ಹಕ್ಕು, ಏಜೆಂಟು, ಅನುವಾದಕ್ಕೆ ಬೇರೆ ಪರ್ಮಿಶನ್. ಹಾಗಾಗಿ ನೆಲ್ಲಾ ಲಾರ್ಸನ್ ಅವರ ‘ಪಾಸಿಂಗ್’. 1929ರ ಪುಸ್ತಕ, ಅಮೆರಿಕದಲ್ಲಿ 2025ರ ಜನವರಿ 1ಕ್ಕೆ ಪಬ್ಲಿಕ್ ಡೊಮೇನ್ ಆಯ್ತು, ಅಂದ್ರೆ ಯಾರ ಪರ್ಮಿಶನ್ನೂ ಬೇಡ. ಲಾರ್ಸನ್ ತೀರಿಕೊಂಡಿದ್ದು 1964ರಲ್ಲಿ, ನಮ್ಮಲ್ಲಿ ಲೇಖಕರು ಹೋದ್ಮೇಲೆ 60 ವರ್ಷ ಅನ್ನೋ ಲೆಕ್ಕ, ಹಂಗಾಗಿ ಇಂಡಿಯಾದಲ್ಲೂ ಅದೇ ದಿನ ಬಿಡುಗಡೆ! ಎರಡೂ ಕಡೆ ಒಂದೇ ದಿನ ಫ್ರೀ ಆಗೋದು ಅಪರೂಪ, ನಾನು ಎರಡು ವರ್ಷದಿಂದ ಕ್ಯಾಲೆಂಡರ್ ನೋಡ್ಕೊಂಡು ಕೂತಿದ್ದೆ ಅಂದ್ರೆ ಯಾರೂ ನಂಬಲ್ಲ. ಹಕ್ಕಿಗೆ ಖರ್ಚು ಸೊನ್ನೆ. ಸ್ಕ್ರಿಪ್ಟ್ ಮಾತ್ರ ಮೂಲದಿಂದ ನಾವೇ ಮಾಡ್ಕೋಬೇಕು, ಇದೇ ಕಾದಂಬರಿಯ 2021ರ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾದ ಸಾಲು ಎತ್ತಿದ್ರೆ ಸಿಕ್ಕಿಬೀಳ್ತೀರಿ.

ಓದದೇ ಇರೋರಿಗೆ ಎರಡು ಸಾಲು: ಐರೀನ್, ಕ್ಲೇರ್ ಇಬ್ರೂ ಬಿಳಿಯರಂತೆ ಕಾಣೋ ಕಪ್ಪು ಹೆಂಗಸರು. ಐರೀನ್ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಡಾಕ್ಟರ್ ಹೆಂಡತಿ, ತನ್ನವರ ನಡುವೇನೇ ಬದುಕೋಳು. ಕ್ಲೇರ್ ಬಿಳಿಯಳು ಅಂತಾನೇ ಬದುಕ್ತಿದ್ದಾಳೆ (ಇದಕ್ಕೇ ಇಂಗ್ಲಿಷಲ್ಲಿ ‘ಪಾಸಿಂಗ್’ ಅನ್ನೋದು), ಕರಿಯರನ್ನ ಕಂಡ್ರೆ ಆಗದ ಗಂಡನಿಗೆ ಅವಳು ಯಾರು ಅಂತ ಗೊತ್ತಿಲ್ಲ. ಕೊನೇಲಿ ಗಂಡನಿಗೆ ಗೊತ್ತಾದ ಕ್ಷಣ ಕ್ಲೇರ್ ಕಿಟಕಿಯಿಂದ ಕೆಳಗೆ. ಬಿದ್ಲಾ, ಹಾರಿದ್ಲಾ, ಐರೀನ್ ತಳ್ಳಿದ್ಲಾ, ಲಾರ್ಸನ್ ಹೇಳಲ್ಲ.

ಹೆಸರಿಗೇ ಮೂರು ವಾರ ಹೋಯ್ತು. ‘ದಾಟು’ ಅನ್ನೋದು ಬಾಯಿಗೆ ಬರುತ್ತೆ, ಆದ್ರೆ ಆ ಹೆಸರಿನ ಕಾದಂಬರಿ ಕನ್ನಡದಲ್ಲಿ ಆಗ್ಲೇ ಇದೆ, ಅದೂ ಜಾತಿ ಬಗ್ಗೇನೇ. ‘ವೇಷ’ ಅಂದ್ರೆ ಯಕ್ಷಗಾನ ಅಂದ್ಕೊಳ್ತಾರೆ. ಆಮೇಲೆ ನಮ್ಮ ತಂಡದ ಹಿರಿಯರೊಬ್ರು ಬಸವಣ್ಣನವರ ಕಮ್ಮಟದ ವಚನ ನೆನಪಿಸಿದ್ರು, ಇಲ್ಲಿ ಸಲ್ಲುವವರು ಅಲ್ಲೂ ಸಲ್ಲುವರು ಅಂತ ಬರುತ್ತಲ್ಲ ಅದು. ಕಮ್ಮಟ ಅಂದ್ರೆ ಟಂಕಸಾಲೆ, ಅಲ್ಲಿಯ ನಾಣ್ಯ ಸಲ್ಲುತ್ತೆ, ಖೋಟಾ ಸಲ್ಲಲ್ಲ. ಇಂಗ್ಲಿಷಿನ ಆ ಪದದಲ್ಲಿ ಇರೋದೂ ಅದೇ ಅರ್ಥ! ‘ಸಲ್ಲುವವಳು’ ಅಂತ ಇಟ್ವಿ. ಇದೊಂದು ನಮ್ಮ ನಾಟಕದಲ್ಲಿ ನನಗೆ ಅತಿ ಹೆಮ್ಮೆ ಇರೋ ವಿಷಯ, ಅದು ನಂದಲ್ಲ ಅನ್ನೋದು ಬೇರೆ ಮಾತು.

ಮೊದಲನೇ ಡ್ರಾಫ್ಟ್ ನಾನು ಎಲ್ಲರೂ ಮಾಡೋ ಹಾಗೇ ಮಾಡಿದೆ, ನಿರೂಪಣೆ ಎಲ್ಲಾ ಕಿತ್ತು ಡೈಲಾಗ್ ಮಾಡಿದ್ದು. ಓದಿಸಿದ್ರೆ ಮೂರು ಗಂಟೆ ಹತ್ತು ನಿಮಿಷ. ಅದಕ್ಕಿಂತ ದೊಡ್ಡ ತೊಂದ್ರೆ, ಸೀರಿಯಲ್ ಥರ ಕೇಳಿಸ್ತಿತ್ತು. ಇಬ್ರು ಹೆಂಗಸರು, ಒಬ್ಬ ಗಂಡ, ಒಂದು ಅನುಮಾನ, ಬ್ರೇಕ್ ಆದ್ಮೇಲೆ ಮುಂದಿನ ಭಾಗ. ಐರೀನ್ ಬಾಯಲ್ಲಿ ಏನು ಹೇಳ್ತಾಳೋ ಅದು ಮುಖ್ಯಾನೇ ಅಲ್ಲ, ತನಗೆ ತಾನೇ ಏನು ಮುಚ್ಚಿಟ್ಕೊಳ್ತಾಳೆ ಅನ್ನೋದ್ರಲ್ಲಿ ಇಡೀ ಕಾದಂಬರಿ ಇದೆ, ಅದು ನಿರೂಪಣೇಲಿ ಇದೆ, ಅದನ್ನೇ ನಾನು ಕಿತ್ತು ಬಿಸಾಕಿದ್ದೆ.

ಎರಡನೇ ಡ್ರಾಫ್ಟಲ್ಲಿ ಒಬ್ಬ ಸೂತ್ರಧಾರನ್ನ ತಂದೆ. ಆರು ರಿಹರ್ಸಲ್ ಮಾಡಿ ಬಿಟ್ವಿ. ಪಾಪ ಅವನು ಒಳ್ಳೆ ನಟ, ಆದ್ರೆ ಹೆಂಗಸಿನ ಮನಸ್ಸನ್ನ ಗಂಡಸು ಮೈಕಲ್ಲಿ ಅನೌನ್ಸ್ ಮಾಡ್ದಂಗಿತ್ತು. ಈಗ್ಲೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ.

ಮೂರನೇದು ವರ್ಕ್ ಆಯ್ತು. ಐರೀನ್ ತನ್ನ ಬಗ್ಗೆ ತಾನೇ ‘ಅವಳು’ ಅಂತಾಳೆ. "ಐರೀನಳಿಗೆ ಸಿಟ್ಟು ಬಂತು. ಆದರೆ ಅವಳು ನಕ್ಕಳು" ಅಂತ ಹೇಳಿ ನಗ್ತಾಳೆ. ಮೊದಲ ಹತ್ತು ನಿಮಿಷ ಪ್ರೇಕ್ಷಕರಿಗೆ ಕಸಿವಿಸಿ ಆಗುತ್ತೆ, ಇದನ್ನ ತಡ್ಕೊಳ್ಳೋ ಧೈರ್ಯ ಇರ್ಬೇಕು, ಆಮೇಲೆ ಕಿವಿ ಒಗ್ಗುತ್ತೆ. ಕ್ಲೇರ್‌ಗೆ ನಿರೂಪಣೆ ಒಂದು ಸಾಲೂ ಕೊಟ್ಟಿಲ್ಲ, ಅವಳ ಮನಸ್ಸು ಯಾರಿಗೂ ಗೊತ್ತಾಗ್ಬಾರ್ದು. ಐರೀನ್ ಇಡೀ ನಾಟಕದ ನಿರೂಪಣೇಲಿ ಒಂದೇ ಒಂದು ಸಲ ‘ಅವಳು’ ಬಿಟ್ಟು ‘ನಾನು’ ಅಂತಾಳೆ. ಎಲ್ಲಿ ಅಂತ ಹೇಳಲ್ಲ, ಮುಂದಿನ ಶೋಗೆ ಬನ್ನಿ. ಕೊನೆಗೆ ಬಂದ ಅವಧಿ ಒಂದು ಗಂಟೆ 35 ನಿಮಿಷ, ಮಧ್ಯಂತರ ಇಲ್ಲ. ಸಮೋಸ ಸ್ಟಾಲ್ ಇಟ್ಟವರು ಬೇಜಾರ್ ಮಾಡ್ಕೊಂಡ್ರು.

ಬಣ್ಣದ ವಿಷಯಕ್ಕೆ ಬರ್ತೀನಿ. ಮೊದಲನೇ ಮೀಟಿಂಗಲ್ಲೇ ಒಬ್ಬರು "ಐರೀನ್ ಗೆಳತಿ ಫೆಲೀಸ್ ಪಾತ್ರಕ್ಕೆ ಸ್ವಲ್ಪ ಡಾರ್ಕ್ ಫೌಂಡೇಶನ್ ಹಾಕೋಣ" ಅಂದ್ರು, ಇನ್ನೊಬ್ರು ಕ್ಲೇರ್‌ಗೆ ಗೋಧಿ ಬಣ್ಣದ ಹುಡುಗೀನೇ ಬೇಕು ಅಂದ್ರು, ಮ್ಯಾಟ್ರಿಮೋನಿಯಲ್ ಥರ. ಮುಖಕ್ಕೆ ಕಪ್ಪು ಬಳ್ಕೊಂಡು ಆಡೋದು ಈ ದೇಶದಲ್ಲಿ ಯಾವ ಗಾಯ ಅಂತ ಇಲ್ಲಿ 20 ವರ್ಷ ಇದ್ದೋರಿಗೂ ಗೊತ್ತಿರಲಿಲ್ಲ. ನನ್ನ ಆಫೀಸಿನ ಆಫ್ರಿಕನ್ ಅಮೆರಿಕನ್ ಸಹೋದ್ಯೋಗಿ ಒಬ್ರನ್ನ ರಿಹರ್ಸಲ್‌ಗೆ ಕರೆದೆ. ಭಾಷೆ ಅರ್ಥ ಆಗದೆ ಒಂದೂವರೆ ಗಂಟೆ ಕೂತು ನೋಡಿ ಎರಡೇ ಮಾತು ಹೇಳಿದ್ರು: ಬಣ್ಣ ಬೇಡ, ನಮ್ಮ ಥರ ನಡೆಯೋಕೆ ಟ್ರೈ ಮಾಡ್ಬೇಡಿ. ಅಷ್ಟೇ ರೂಲ್ ಆಯ್ತು. ಕ್ಲೇರ್ ಪಾತ್ರಕ್ಕೆ ಬಂದ ಹುಡುಗಿ ಐರೀನ್‌ಗಿಂತ ಕಪ್ಪು. ಯಾರೂ ಕೇಳ್ಲಿಲ್ಲ, ಯಾಕಂದ್ರೆ ಯಾವ ಬಣ್ಣ ಅಂತ ಮಾತಲ್ಲಿ ಹೇಳಿದ್ರೆ ಪ್ರೇಕ್ಷಕರು ಅದನ್ನೇ ನೋಡ್ತಾರೆ, ರಂಗದ ಮೇಲೆ ಕೋಲು ಹಿಡಿದು ಕುದುರೆ ಅಂದ್ರೆ ಕುದುರೆ ಆಗಲ್ವಾ ಹಾಗೆ. (80ರ ದಶಕದಲ್ಲಿ ರಂಗ ನಿರ್ದೇಶಕ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚಿಕೇರಿ ಕಡೆ ಆಫ್ರಿಕಾ ಮೂಲದ ಸಿದ್ದಿಗಳ ಜೊತೆ ನೈಜೀರಿಯಾದ ಅಚೆಬೆಯ ಕಾದಂಬರಿ ಆಡಿಸಿದ್ರಲ್ಲ, ‘ಕಪ್ಪು ಜನ ಕೆಂಪು ನೆರಳು’, ಅಲ್ಲಿ ಮೈಯೇ ಕಥೆ ಹೇಳ್ತಿತ್ತು. ನಮಗೆ ಆ ಹಕ್ಕು ಇಲ್ಲ.)

ಲೈಟಲ್ಲಿ ಬಣ್ಣ ತೋರಿಸ್ತೀನಿ ಅಂತ ಹೋಗಿ ನಾನೇ ದುಡ್ಡು ಹಾಳ್ ಮಾಡಿದೆ. ಬಿಳಿಯರ ಲೋಕಕ್ಕೆ ಸ್ಟೀಲ್ ಬ್ಲೂ, ಹಾರ್ಲೆಮ್‌ಗೆ ಆಂಬರ್. ಆರು ಎಲ್‌ಇಡಿ ಪಾರ್ ಲೈಟ್ ಬಾಡಿಗೆಗೆ 350 ಡಾಲರ್ ಚಿಲ್ಲರೆ. ಟೆಕ್ ರಿಹರ್ಸಲ್‌ನಲ್ಲಿ ನೋಡಿದ್ರೆ ನೀಲಿ ಬಂದಾಗೆಲ್ಲ ದೆವ್ವದ ಸೀನ್ ಥರ ಇತ್ತು, ಒಂದು ಮಗು ಅತ್ತೇಬಿಡ್ತು. ಎಲ್ಲಾ ತೆಗೆದು ಪ್ಲೇನ್ ವೈಟ್ ಜನರಲ್ ಲೈಟ್ ಹಾಕಿದ್ವಿ. ಶಾಲೆ ಆಡಿಟೋರಿಯಂ ಲೈಟೇ ಸಾಕಾಗಿತ್ತು.

ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಮಾತು. ಮೊದಲು ಕ್ಲೇರ್‌ಗೆ ಕಲಬುರ್ಗಿ ಕಡೆ ಕನ್ನಡ, ಐರೀನ್‌ಗೆ ಮೈಸೂರು ಕನ್ನಡ ಕೊಟ್ವಿ, ಜನ ಕ್ಲೇರ್ ಬಾಯ್ ಬಿಟ್ಟಾಗೆಲ್ಲ ನಕ್ರು. ಕ್ಲೇರ್ ಮಾಡಿದ ಹುಡುಗಿ ನಿಜವಾಗ್ಲೂ ಆ ಕಡೆಯವಳು. ಒಂದಿನ ಚಾ ಕುಡೀತಾ ಅವಳೇ ಹೇಳಿದ್ಲು, "ಅಣ್ಣಾ, ಬೆಂಗಳೂರಾಗ ಮೂರು ವರ್ಷ ಆಫೀಸ್‌ನ್ಯಾಗ ಯಾರಿಗೂ ನನ್ನ ಊರು ಗೊತ್ತಾಗ್ದಂಗ ಮಾತಾಡೀನಿ, ಮನಿಗ್ ಫೋನ್ ಹಚ್ಚಾಕ ಮೆಟ್ಟಿಲ ಕೆಳಗ ಹೋಗ್ತಿದ್ದೆ". ಮೂರು ತಿಂಗಳಿಂದ ಹುಡುಕ್ತಿದ್ದ ನಾಟಕ ಅಲ್ಲೇ ಸಿಕ್ತು ನೋಡಿ. ಆಮೇಲೆ ಕ್ಲೇರ್ ಗಂಡನ ಎದುರು ಪುಸ್ತಕದಂಥ ಕನ್ನಡ, ಹಾರ್ಲೆಮ್ ಪಾರ್ಟಿಗೆ ಕಾಲಿಟ್ಟ ತಕ್ಷಣ ಅವಳ ಮನೆ ಮಾತು. ಎರಡನೇ ಶೋನಲ್ಲಿ ಆ ಮನೆ ಮಾತಿಗೆ ಯಾರೂ ನಗ್ಲಿಲ್ಲ. ಹಿಂದಿನ ಸಾಲಲ್ಲಿ ರಾಯಚೂರಿನ ಒಬ್ರು ಕಣ್ಣು ಒರೆಸ್ಕೊಳ್ತಿದ್ದಿದ್ದನ್ನ ನಾನೇ ನೋಡಿದೀನಿ.

ಬೈಗುಳದ್ದು ದೊಡ್ಡ ತಲೆನೋವು. ಕ್ಲೇರ್ ಗಂಡ ಬೆಲ್ಯೂ ಅವಳನ್ನ ಮುದ್ದಿಗೆ ಅಂತ ಒಂದು ಕೊಳಕು ಪದದ ತುಂಡಿನಿಂದ ಕರೀತಾನೆ, ವರ್ಷ ಹೋದ ಹಾಗೆ ಕಪ್ಪಾಗ್ತಿದೀಯ ಅನ್ನೋ ಜೋಕು. ನಾವು ‘ಕರಿಯವ್ವ’ ಅಂತ ಹಾಕಿದ್ವಿ. ಫ್ಲಾಪ್. ಕನ್ನಡದಲ್ಲಿ ಕರಿಯ, ಕರಿಯಮ್ಮ, ಕೆಂಪಿ ಎಲ್ಲಾ ಮನೆ ಹೆಸರು, ದೇವರ ಹೆಸರು, ಜನಕ್ಕೆ ಪ್ರೀತಿನೇ ಕೇಳಿಸ್ತು. ನಮ್ಮ ಜಾತಿ ಬೈಗುಳ ಒಂದನ್ನ ಹಾಕೋಣ ಅಂದ್ರು ಒಬ್ರು, ನಾನು ಒಪ್ಲಿಲ್ಲ, ಇಲ್ಲಿಯ ಗಾಯಕ್ಕೆ ಅಲ್ಲಿಯ ಕತ್ತಿ ಯಾಕೆ. ಕೊನೆಗೆ ಮೂಲದ ಪದಾನ ಹಾಗೇ ಇಟ್ಟು ನಗುವಿನ ಮೇಲೆ ಕೆಲಸ ಮಾಡಿದ್ವಿ. ಕಾದಂಬರೀಲೂ ಐರೀನ್ ಅಲ್ಲಿ ನಕ್ಕು ನಕ್ಕು ಸುಸ್ತಾಗ್ತಾಳೆ. ಐರೀನ್, ಕ್ಲೇರ್, ಇನ್ನೊಬ್ಬ ಗೆಳತಿ, ಮೂರು ಜನ ಹೆಂಗಸರು ನಗೋಕೆ ಶುರು ಮಾಡ್ತಾರೆ, ಬೆಲ್ಯೂ ನಗ್ತಾನೆ, ಪ್ರೇಕ್ಷಕರೂ ನಗ್ತಾರೆ, ಆಮೇಲೆ ಪ್ರೇಕ್ಷಕರು ನಿಲ್ಲಿಸ್ತಾರೆ, ಇವರು ನಿಲ್ಲಿಸಲ್ಲ. ಸುಮಾರು 40 ಸೆಕೆಂಡ್. ಪ್ರೇಕ್ಷಕರನ್ನ ಕರೆಕ್ಟಾಗಿ ಎಲ್ಲಿ ನಿಲ್ಲಿಸ್ಬೇಕು ಅನ್ನೋದಕ್ಕೆ ಒಂದು ಸಣ್ಣ ಉಪಾಯ ಇದೆ, ಅದು ಉಸಿರಿಗೆ ಸಂಬಂಧಪಟ್ಟಿದ್ದು, ಇಷ್ಟು ಸಾಕು.

ಕಪ್ ಒಡೆಯೋದು. ಟೀ ಪಾರ್ಟೀಲಿ ಐರೀನ್ ಕೈಯಿಂದ ಕಪ್ ಬಿದ್ದು ಒಡೆಯುತ್ತೆ. ಪ್ಲಾಸ್ಟಿಕ್ ಕಪ್ ಪುಟಿದು ಪ್ರೇಕ್ಷಕರ ಕಡೆ ಹೋಯ್ತು. ಸಕ್ಕರೆ ಗಾಜು ಅಂತ ಯೂಟ್ಯೂಬ್ ನೋಡಿ ಮನೇಲಿ ಮಾಡಿದೆ, ಎರಡು ಪಾತ್ರೆ ಸುಟ್ಟು ಹೋಯ್ತು, ಇರುವೆ ಬಂತು. ಕೊನೆಗೆ ಥ್ರಿಫ್ಟ್ ಅಂಗಡೀಲಿ ಒಂದು ಡಾಲರ್‌ಗೆ ಒಂದರಂತೆ ಪಿಂಗಾಣಿ ಕಪ್, ಒಟ್ಟು 30 ಒಡೆದಿರಬೇಕು. ಕಾರ್ಪೆಟ್ ಮೇಲೆ ಒಡೆಯಲ್ಲ ಅಂತ ಮೊದಲ ಶೋ ದಿನಾನೇ ಗೊತ್ತಾಗಿದ್ದು! ಎರಡನೇ ಶೋಗೆ ಕೆಳಗೆ ಕಡಪ ಕಲ್ಲಿನ ತುಂಡು ಇಟ್ವಿ.

ಕ್ಲೇರ್ ಬೀಳೋದಕ್ಕೂ ಅಷ್ಟೇ ಒದ್ದಾಟ. ಪ್ಲಾಟ್‌ಫಾರ್ಮ್ ಮೇಲಿಂದ ಹಾಸಿಗೆ ಮೇಲೆ ಹಾರಿಸಿದ್ವಿ, ಹುಡುಗಿ ಕಾಲು ಉಳುಕಿ ಎರಡು ವಾರ ರಿಹರ್ಸಲ್ ಬಂದ್. ಈಗ ಅವಳು ಕೆಂಪು ಗೌನಲ್ಲೇ ಪ್ರೇಕ್ಷಕರ ಮಧ್ಯದ ದಾರೀಲಿ ನಡ್ಕೊಂಡು ಹೊರಗೆ ಹೋಗ್ತಾಳೆ, ಬಾಗಿಲು ತೆಗೆದಾಗ ಹೊರಗಿನ ಚಳಿ ಒಳಗೆ ಬರುತ್ತೆ. ನವೆಂಬರ್ ಆಗಿದ್ದಕ್ಕೆ ವರ್ಕ್ ಆಯ್ತು, ಮೇ ತಿಂಗಳಲ್ಲಿ ಏನ್ ಮಾಡೋದೋ ನೋಡ್ಬೇಕು.

ಮಧ್ಯೆ ಹಾರ್ಮೋನಿಯಂ ತಬಲದಲ್ಲಿ ಜಾಝ್ ಅಂತ ಒಂದು ಪ್ರಯೋಗ ಮಾಡಿದ್ವಿ. ರಂಗಗೀತೆ ಥರಾನೂ ಇರಲಿಲ್ಲ, ಜಾಝೂ ಅಲ್ಲ, ಮದುವೆ ಬ್ಯಾಂಡ್ ಥರ ಇತ್ತು, ಆದ್ರೆ ನಮ್ಮ ತಬಲದವನು ಈಗ ವಾರಕ್ಕೊಂದಿನ ಡ್ರಮ್ ಕ್ಲಾಸಿಗೆ ಹೋಗ್ತಿದ್ದಾನೆ. ನಾಟಕಕ್ಕೆ 1924ರವರೆಗಿನ ಹಳೇ ರೆಕಾರ್ಡಿಂಗ್ ಹಾಕಿದ್ವಿ, ಅವಕ್ಕೂ ಹಕ್ಕಿನ ಕಾಟ ಇಲ್ಲ. ಇನ್ನೊಂದು ದಿನ ಇಡೀ ತಂಡ ವ್ಯಾನ್ ಮಾಡ್ಕೊಂಡು ಹಾರ್ಲೆಮ್‌ಗೆ ಹೋದ್ವಿ, 135ನೇ ಸ್ಟ್ರೀಟ್ ಲೈಬ್ರರಿ, ಲಾರ್ಸನ್ ಕೆಲಸ ಮಾಡಿದ ಜಾಗ, ಈಗ ಕಪ್ಪು ಜನರ ಸಂಸ್ಕೃತಿಯ ಸಂಶೋಧನಾ ಕೇಂದ್ರ ಶಾಂಬರ್ಗ್ ಸೆಂಟರ್ ಅಲ್ಲೇ ಇರೋದು. ವ್ಯಾನು, ಊಟ, ಪಾರ್ಕಿಂಗ್ ಫೈನ್ ಸೇರಿ 400 ಹತ್ರ ಆಯ್ತು. ನಾಟಕಕ್ಕೆ ಏನೂ ಸಿಗ್ಲಿಲ್ಲ. ಆದ್ರೆ ಅಲ್ಲಿಂದ ಬಂದ್ಮೇಲೆ ಯಾರೂ ಡಾರ್ಕ್ ಫೌಂಡೇಶನ್ ಮಾತು ಎತ್ತಲಿಲ್ಲ.

ಲೆಕ್ಕ ನೆನಪಿದ್ದಷ್ಟು: ಆಡಿಟೋರಿಯಂ ಎರಡು ದಿನಕ್ಕೆ 1,100, ಇನ್ಶೂರೆನ್ಸ್ 180, 20ರ ದಶಕದ ಟೋಪಿ ಡ್ರೆಸ್ಸು 500 ಮೇಲೆ, ವೇಸ್ಟ್ ಆದ ಲೈಟು, ಪಿಂಗಾಣಿ ಕಪ್, ವ್ಯಾನು ಎಲ್ಲಾ ಸೇರಿ 3,000 ದಾಟಿತು. ಕನ್ನಡ ಕೂಟವೊಂದರಿಂದ ಸಹಾಯ ಸಿಗ್ಬಹುದು ಅಂತಿತ್ತು, ರಾಜ್ಯೋತ್ಸವಕ್ಕೆ ಹಾಸ್ಯ ನಾಟಕ ಆದ್ರೆ ಕೊಡ್ತೀವಿ ಅಂದ್ರು, ಅಲ್ಲಿಗೆ ಮುಗೀತು. ಟಿಕೆಟ್ 12 ಡಾಲರ್. ಮೊದಲ ಶೋಗೆ 60-70 ಜನ, ಎರಡನೇದಕ್ಕೆ ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತಿದ್ರು, ಮಕ್ಕಳು ಫ್ರೀ ಆಗಿದ್ರಿಂದ ಕಲೆಕ್ಷನ್ ಮಾತ್ರ ಅಷ್ಟಕ್ಕಷ್ಟೆ. ಕೈಯಿಂದ 400-500 ಹೋಗಿರಬೇಕು. ಹೆಂಡತಿಗೆ 200 ಅಂತ ಹೇಳಿದೀನಿ.

ಎರಡನೇ ಶೋ ಆದ್ಮೇಲೆ ಕೈ ಎತ್ತಿಸಿ ಕೇಳಿದೆ, ಐರೀನ್ ತಳ್ಳಿದ್ಲಾ ಅಂತ. ಹೆಚ್ಚುಕಮ್ಮಿ ಅರ್ಧಕ್ಕರ್ಧ. ಕಾಮೆಂಟ್ರಿ ಅಂದಿದ್ದ ಯಜಮಾನರು ಪಾರ್ಕಿಂಗ್ ಲಾಟಲ್ಲಿ ಕಾರ್ ಸ್ಟಾರ್ಟ್ ಮಾಡಿ ಹೀಟರ್ ಹಾಕ್ಕೊಂಡು ಕೂತಿದ್ರು, ನಾನು ಸೆಟ್ ಹೊತ್ಕೊಂಡು ಹೋಗ್ತಿದ್ದಾಗ ಕಿಟಕಿ ಇಳಿಸಿ, "ಅಲ್ಲಾ ಸಾರ್, ಆ ಒಂದು ‘ನಾನು’ ಬಂತಲ್ಲ, ಅದು ಬೇಕಂತ ಹಾಕಿದ್ದೋ ಅವಳು ಡೈಲಾಗ್ ಮರೆತಿದ್ದೋ?" ಅಂತ ಕೇಳಿದ್ರು.

ನಾನು ಹೇಳ್ಲಿಲ್ಲ.