ಸ್ವೀಡನ್ನಿಗೆ ಹೊಸದಾಗಿ ಬಂದವರಿಗೆ: ವಾರದ ನಡುವಿನ ಕೈಮಾ ಉಂಡೆ, ಲಿಂಗೊನ್, ಒಂದು ಟ್ರೇ ತರಕಾರಿ

ಇಲ್ಲಿ ಮೊದಲ ಚಳಿಗಾಲ ಕಳೆಯುವಾಗ ಹೆಚ್ಚಿನವರ ಅಡುಗೆ ಒಂದೇ ದಾರಿ ಹಿಡಿಯುತ್ತದೆ. ಅನ್ನ, ಸಾರು, ಮೊಟ್ಟೆ, ಮತ್ತೆ ಅನ್ನ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಫೀಸು ಮುಗಿಸಿ, ಡಾಗಿಸ್‌ನಿಂದ (ಶಿಶುವಿಹಾರದಿಂದ) ಮಗುವನ್ನು ಕರೆದುಕೊಂಡು ಮನೆ ಸೇರುವಾಗ ಮಸಾಲೆ ರುಬ್ಬುವ ಮನಸ್ಸು ಯಾರಿಗಿರುತ್ತದೆ? ಬೆಂಡೆಕಾಯಿ ಸಿಕ್ಕರೂ ಬಾಡಿರುತ್ತದೆ, ಬೆಲೆ ಮಾತ್ರ ಬಾಡಿರುವುದಿಲ್ಲ.

ಹಾಗಾಗಿ ಈ ಊರಿನವರು ವಾರದ ನಡುವೆ ಮಾಡುವುದನ್ನೇ ಕಲಿತುಬಿಡಿ: ಶೊಟ್‌ಬುಲ್ಲಾರ್ ಎಂಬ ಕೈಮಾ ಉಂಡೆ, ಜೊತೆಗೆ ಲಿಂಗೊನ್ ಹಣ್ಣು, ಆ ತಿಂಗಳ ತರಕಾರಿ. ಮನೆಯಲ್ಲಿ ಕೈಮಾ ಉಂಡೆ ಮಾಡಿದವರಿಗೆ ಅರ್ಧ ಕೆಲಸ ಆಗಲೇ ಬರುತ್ತದೆ. ಶಾಲೆಯ ಊಟದಲ್ಲಿ ಇದನ್ನು ತಿಂದು ಬಂದ ಮಕ್ಕಳು ಹೇಗೂ ಕೇಳೇ ಕೇಳುತ್ತಾರೆ.

ಮೊದಲು ಮಾಂಸದ ವಿಷಯ, ಇಲ್ಲಿ ಅವಸರ ಬೇಡ. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಕೈಮಾ ಪ್ಯಾಕೆಟ್‌ಗಳು ನೋಡಲು ಒಂದೇ ತರ. ‘ಬ್ಲಾಂಡ್‌ಫ್ಯಾರ್ಸ್’ ಎಂದರೆ ದನ ಮತ್ತು ಹಂದಿ ಮಾಂಸದ ಮಿಶ್ರಣ, ಸಾಮಾನ್ಯವಾಗಿ ಅರ್ಧ ಅರ್ಧ. ‘ನೋಟ್’ ಇದ್ದರೆ ದನದ್ದು, ‘ಫ್ಲೆಸ್ಕ್’ ಇದ್ದರೆ ಹಂದಿಯದ್ದು, ‘ಲಾಮ್’ ಕುರಿಮರಿ, ‘ಶಿಕ್ಲಿಂಗ್’ ಕೋಳಿ, ‘ಕಾಲ್ಕೂನ್’ ಟರ್ಕಿ ಕೋಳಿ, ‘ಎಲ್ಯಿ’ ಎಂದರೆ ಕಡವೆಗಿಂತ ದೊಡ್ಡದಾದ ಇಲ್ಲಿನ ಮೂಸ್. ರೆಡಿಮೇಡ್ ಫ್ರೋಜನ್ ಉಂಡೆಗಳಲ್ಲಿ ದನ-ಹಂದಿ ಮಿಶ್ರಣವೇ ಸಾಮಾನ್ಯ. ಕೋಳಿಯದ್ದು ಎಂದು ಮುಂದುಗಡೆ ಬರೆದಿದ್ದರೂ ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಗ್ರೇವಿಗೆ ಹಾಕುವ ಬುಲ್ಯಾಂಗ್ (ಸ್ಟಾಕ್) ಕ್ಯೂಬಿಗೂ ಇದೇ ಮಾತು. ದನದ್ದು ಬೇಡದವರು ತರಕಾರಿಯದ್ದನ್ನೇ ತೆಗೆದುಕೊಳ್ಳಿ. ‘ಕಾಲ್ವ್‌ಫೋಂಡ್’ ಎಂಬ ಬಾಟಲಿ ಕರುವಿನ ಮೂಳೆಯ ರಸ, ಗೊತ್ತಿರಲಿ.

ನನ್ನ ಆಯ್ಕೆ ಕುರಿಮರಿ ಕೈಮಾ. ನಮ್ಮ ಮಟನ್ ಬಾಯಿಗೆ ಅದೇ ಹತ್ತಿರ. ದೊಡ್ಡ ಅಂಗಡಿಗಳಲ್ಲಿ ಯಾವಾಗಲೂ ಇರುವುದಿಲ್ಲ. ಸ್ಟಾಕ್‌ಹೋಮಿನ ರಿಂಕೆಬಿ, ಮಾಲ್ಮೋದ ಮೊಲ್ಲೆವಾಂಗೆನ್ ಕಡೆಯ ಮಧ್ಯಪ್ರಾಚ್ಯದ ಅಂಗಡಿಗಳಲ್ಲಿ ಕೇಳಿದರೆ ಎದುರಿಗೇ ರುಬ್ಬಿಕೊಡುತ್ತಾರೆ. ಅಲ್ಲೇ ಪುದೀನ, ಕೊತ್ತಂಬರಿ ಕಟ್ಟೂ ದೊಡ್ಡದು. ಮಾಂಸ ತಿನ್ನದವರು ಸೋಯಾದ ವೆಗೋಫ್ಯಾರ್ಸ್ ತನ್ನಿ. ಉಂಡೆ ಸ್ವಲ್ಪ ಒಣಗುತ್ತದೆ, ಎಣ್ಣೆ ಒಂದು ಚಮಚ ಜಾಸ್ತಿ ಹಾಕಿ.

ಅಳತೆ ನಾಲ್ಕು ಜನಕ್ಕೆ. ಇಲ್ಲಿನ ಪಾಕವಿಧಾನಗಳೆಲ್ಲ ಡೆಸಿಲೀಟರ್ ಲೆಕ್ಕ. 1 ಡೆಸಿಲೀಟರ್ ಎಂದರೆ 100 ಮಿಲಿ. ಜೊತೆಗೆ ‘ಕ್ರಿಡ್ಡ್‌ಮೊಟ್’ ಎಂಬ ಪುಟ್ಟ ಚಮಚ, ಅದು 1 ಮಿಲಿ. ಈ ಅಳತೆ ಚಮಚಗಳ ಸೆಟ್ ಕೊಂಡುಬಿಡಿ, ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ. ಒಂದು ಡೆಸಿಲೀಟರ್ ಬ್ರೆಡ್ ಪುಡಿಯನ್ನು ಒಂದೂವರೆ ಡೆಸಿಲೀಟರ್ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ. ಅದಕ್ಕೆ 500 ಗ್ರಾಂ ಕೈಮಾ, ಒಂದು ಮೊಟ್ಟೆ, ತುರಿದ ಈರುಳ್ಳಿ ಒಂದು, ಉಪ್ಪು ಒಂದು ಟೀ ಚಮಚ, ಬಿಳಿ ಮೆಣಸಿನ ಪುಡಿ, ಎರಡು ಕ್ರಿಡ್ಡ್‌ಮೊಟ್ ಕ್ರಿಡ್ಡ್‌ಪೆಪ್ಪರ್. ಈ ಕ್ರಿಡ್ಡ್‌ಪೆಪ್ಪರ್ ಎಂದರೆ ಆಲ್‌ಸ್ಪೈಸ್. ಮೂಸಿದರೆ ಲವಂಗ, ಚಕ್ಕೆ ಎರಡೂ ನೆನಪಾಗುತ್ತವೆ. ಬ್ರೆಡ್ ಪುಡಿಯ ಬದಲು ಊರಿನ ಹಾಗೆ ಹುರಿಗಡಲೆ ಪುಡಿ ಹಾಕಬಹುದು. ಆಗ ಅರ್ಧ ಡೆಸಿಲೀಟರ್ ಪುಡಿ, ಅಷ್ಟೇ ಹಾಲು ಸಾಕು. ಕೋಳಿ ಕೈಮಾ ಕೈಗೆ ಅಂಟುತ್ತದೆ. ಅದಕ್ಕೂ ಹಾಲು ಕಡಿಮೆ ಮಾಡಿ, ಕಲಸಿದ ಮೇಲೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ.

ಹಸಿಮೆಣಸು, ಶುಂಠಿ ಹಾಕಬೇಕಾ? ಹಾಕಿ, ಯಾರೂ ಬೈಯುವುದಿಲ್ಲ. ಬೆಳ್ಳುಳ್ಳಿ, ತೆಂಗಿನಕಾಯಿ ಮಾತ್ರ ಈ ರಾತ್ರಿ ಬೇಡ ಅನ್ನುತ್ತೇನೆ. ಲಿಂಗೊನ್ ಪಕ್ಕದಲ್ಲಿ ಅವು ಜಗಳಕ್ಕೆ ನಿಲ್ಲುತ್ತವೆ.

ಹುರಿಯುವುದಕ್ಕಿಂತ ಓವನ್ ಸುಲಭ. ಬಾಣಲೆ ಮುಂದೆ ನಿಂತು ಉಂಡೆ ಉರುಳಿಸುವ ಹೊತ್ತಿನಲ್ಲಿ ಮಗುವಿನ ಸ್ನಾನ ಮುಗಿಯುತ್ತದೆ, ಹೊಗೆ ಅಲಾರಂ ಕಿರುಚುವುದೂ ತಪ್ಪುತ್ತದೆ. ಓವನ್ 225 ಡಿಗ್ರಿಗೆ ಇಡಿ. ಮುಕ್ಕಾಲು ಕೇಜಿ ಗಡ್ಡೆ ತರಕಾರಿಯನ್ನು ಎರಡು ಸೆಂಟಿಮೀಟರ್ ತುಂಡು ಮಾಡಿ, ರಾಪ್ಸ್ (ಕೆನೋಲಾ) ಎಣ್ಣೆ, ಉಪ್ಪು ಸವರಿ, ಟ್ರೇಯಲ್ಲಿ ಹರಡಿ ಒಳಗೆ ತಳ್ಳಿ. ಅದು ಬೇಯುವ 15 ನಿಮಿಷದಲ್ಲಿ ಕೈ ಒದ್ದೆ ಮಾಡಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಅವನ್ನು ಬೇರೆ ಟ್ರೇಯಲ್ಲಿಟ್ಟು, ತರಕಾರಿ ಟ್ರೇಗೆ ಎರಡು ಸೇಬು ಸಿಪ್ಪೆ ಸಮೇತ ಹೋಳು ಮಾಡಿ ಸೇರಿಸಿ, ಎರಡನ್ನೂ ಇನ್ನು 15 ನಿಮಿಷ ಬೇಯಿಸಿ. ಕೈಮಾ ಒಳಗೆ 70 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದನ್ನು ಕತ್ತರಿಸಿ ನೋಡಿ, ಗುಲಾಬಿ ಬಣ್ಣ ಇರಬಾರದು.

ಯಾವ ತರಕಾರಿ ಎಂಬುದು ತಿಂಗಳ ಮೇಲೆ ಹೋಗುತ್ತದೆ. ಸೆಪ್ಟೆಂಬರಿನಿಂದ ಕ್ಯಾರೆಟ್, ಬೀಟ್‌ರೂಟ್, ಪಾಲ್‌ಸ್ಟರ್‌ನಾಕಾ, ಕೋಲ್‌ರೂಟ್ ಎಲ್ಲ ಅಗ್ಗ. ಪಾಲ್‌ಸ್ಟರ್‌ನಾಕಾ ಬಿಳಿ ಕ್ಯಾರೆಟ್ ತರ ಕಾಣುವ ಗಡ್ಡೆ, ಓವನ್ನಿನಲ್ಲಿ ಸಿಹಿಯಾಗುತ್ತದೆ. ಕೋಲ್‌ರೂಟ್ ಸ್ವಲ್ಪ ಮೂಲಂಗಿ ಜಾತಿಯ ಘಾಟಿನದು. ಅದು ಮನೆಯಲ್ಲಿ ಎಲ್ಲರಿಗೂ ಹಿಡಿಸುತ್ತದೆ ಎಂದು ನಾನು ಹೇಳಲಾರೆ. ಅರೋಮಾ, ಇಂಗ್ರಿಡ್ ಮಾರಿ ಜಾತಿಯ ಸೇಬು ಬರುವುದೂ ಇದೇ ಹೊತ್ತಿಗೆ. ಜನವರಿಯಲ್ಲಿ ಎಲೆಕೋಸು ದಪ್ಪಗೆ ಸೀಳಿ ಟ್ರೇಗೆ ಹಾಕಿ, ಅಂಚು ಕಪ್ಪಗಾಗುವ ತನಕ ಬಿಡಿ. ಜೂನ್ ಬಂದರೆ ಓವನ್ ಮರೆತುಬಿಡಿ. ಆಗ ಹೊಸ ಆಲೂಗಡ್ಡೆ ಸಿಪ್ಪೆ ಸಮೇತ ಸಬ್ಬಸಿಗೆ ಸೊಪ್ಪಿನ ಜೊತೆ ಬೇಯಿಸಿ, ಬೆಣ್ಣೆ ಹಾಕಿದರೆ ಮುಗಿಯಿತು.

ಲಿಂಗೊನ್ ಹುಳಿ, ಒಗರು, ಪುಟ್ಟ ಕೆಂಪು ಹಣ್ಣು. ಜಾಮ್ ಸೀಸೆ ಎಲ್ಲ ಕಡೆ ಸಿಗುತ್ತದೆ, ಆದರೆ ಸಿಹಿ ಜಾಸ್ತಿ. ಫ್ರೀಜರ್ ಸಾಲಿನಲ್ಲಿ ಫ್ರೋಜನ್ ಹಣ್ಣು ತನ್ನಿ. ಎರಡು ಡೆಸಿಲೀಟರ್ ಹಣ್ಣಿಗೆ ಅರ್ಧದಿಂದ ಮುಕ್ಕಾಲು ಡೆಸಿಲೀಟರ್ ಸಕ್ಕರೆ ಹಾಕಿ, ಕರಗುವವರೆಗೆ ಆಗಾಗ ಕದಡಿ. ಒಲೆಯೇ ಬೇಡ. ಹಣ್ಣಿನಲ್ಲಿ ಸಹಜವಾಗಿಯೇ ಬೆಂಜೋಯಿಕ್ ಆಮ್ಲ ಇರುವುದರಿಂದ ಫ್ರಿಜ್ಜಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕಾಡಿನಲ್ಲಿ ನೀವೇ ಕಿತ್ತು ತರಬಹುದು. ‘ಅಲ್ಲೆಮಾನ್ಸ್‌ರೆಟ್ಟೆನ್’ ಎಂಬ ಹಕ್ಕು ಇಲ್ಲಿ ಎಲ್ಲರಿಗೂ ಇದೆ. ಮನೆಯ ಅಂಗಳ, ಸಾಗುವಳಿ ಜಮೀನು ಮಾತ್ರ ಮುಟ್ಟುವಂತಿಲ್ಲ. ಮೊದಲ ಸಲ ಗೊತ್ತಿರುವವರ ಜೊತೆ ಹೋಗಿ, ಯಾಕೆಂದರೆ ಕೆಂಪಗಿರುವ ಎಲ್ಲ ಹಣ್ಣೂ ತಿನ್ನುವಂತದ್ದಲ್ಲ. ಲಿಲಿಯೆಕೊನ್ವಾಲ್ಯ್ ಗಿಡದ ಕೆಂಪು ಹಣ್ಣು ವಿಷ.

ಇನ್ನು ಸೌತೆಕಾಯಿ. ಚೀಸ್ ಹೆರೆಯುವ ಊಸ್ಟ್‌ಹೀವೆಲ್‌ನಿಂದ ತೆಳ್ಳಗೆ ಹೆರೆದು, ಅರ್ಧ ಟೀ ಚಮಚ ಉಪ್ಪು ಹಾಕಿ ಹಿಂಡಿ. ಎರಡು ಚಮಚ ಎಟ್ಟಿಕಾ (ಇಲ್ಲಿನ ವಿನೆಗರ್), ಎರಡು ಚಮಚ ಸಕ್ಕರೆ, ಒಂದು ಡೆಸಿಲೀಟರ್ ನೀರು ಬೆರೆಸಿ ಸುರಿಯಿರಿ. ಒಂದು ಎಚ್ಚರಿಕೆ: ಇಲ್ಲಿನ ಎಟ್ಟಿಕಾ 12 ಶೇಕಡಾ, ಎಟ್ಟಿಕ್‌ಸ್ಪ್ರಿಟ್ 24 ಶೇಕಡಾ. ಊರಿನ ವಿನೆಗರ್ ಎಂದುಕೊಂಡು ಸುಮ್ನೆ ಸುರಿದರೆ ಗಂಟಲು ಸುಡುತ್ತದೆ. ನಾನು ಹೇಳಿದ ಅಳತೆ 12 ಶೇಕಡಾದ್ದಕ್ಕೆ.

ಗ್ರೇವಿ ಬೇಕಾದರೆ ಎರಡು ಡೆಸಿಲೀಟರ್ ಅಡುಗೆ ಕ್ರೀಮ್, ಒಂದು ಡೆಸಿಲೀಟರ್ ಬುಲ್ಯಾಂಗ್, ಒಂದು ಚಮಚ ಸೋಯಾ ಸಾಸ್ ಐದು ನಿಮಿಷ ಕುದಿಸಿ. ಇಲ್ಲದಿದ್ದರೂ ನಡೆಯುತ್ತದೆ.

ಈ ಉಂಡೆಯ ಮೂಲದ ಬಗ್ಗೆ ಯಾರಾದರೂ ಸ್ವೀಡಿಷರ ಜೊತೆ ಮಾತಿಗೆ ಕೂತರೆ ಒಂದು ವಿಷಯ ತಿಳಿದಿರಲಿ. 2018ರಲ್ಲಿ ದೇಶದ ಅಧಿಕೃತ ಟ್ವಿಟರ್ ಖಾತೆಯೇ, ಇದು ರಾಜ 12ನೇ ಕಾರ್ಲ್ 18ನೇ ಶತಮಾನದ ಆರಂಭದಲ್ಲಿ ಟರ್ಕಿಯಿಂದ ತಂದ ಅಡುಗೆ ಎಂದು ಬರೆದುಬಿಟ್ಟಿತು. ಆಮೇಲೆ ದೊಡ್ಡ ಗಲಾಟೆ.

ಮಾಡುವುದಾದರೆ ಎರಡರಷ್ಟು ಮಾಡಿ. ಉಳಿದದ್ದನ್ನು ತಣಿಸಿ ಫ್ರೀಜ್ ಮಾಡಿ, ಆಫೀಸಿನ ಮಾಟ್‌ಲೋಡಾಗೆ, ಅಂದರೆ ಊಟದ ಡಬ್ಬಿಗೆ, ಆಗುತ್ತದೆ. ಬ್ರೆಡ್ಡಿನ ಮೇಲೆ ಬೀಟ್‌ರೂಟ್ ಸಲಾಡ್ ಹಚ್ಚಿ, ಉಂಡೆ ಸೀಳಿಟ್ಟರೆ ಇಲ್ಲಿನವರ ನೆಚ್ಚಿನ ಸ್ಯಾಂಡ್‌ವಿಚ್. ಶನಿವಾರ ಪುರುಸೊತ್ತಿದ್ದರೆ ಅದೇ ಉಂಡೆಯನ್ನು ತೆಂಗಿನಕಾಯಿ, ಬೆಳ್ಳುಳ್ಳಿ ರುಬ್ಬಿದ ಸಾರಿಗೆ ಹಾಕಿ ಕುದಿಸಿ, ಮುದ್ದೆ ತಿರುವಿ.