ದನಿ ನಿಂತಾಗ ಪವರ್ ಬಟನ್ ಒತ್ತಬೇಡಿ

ಶಿರಸಿಯ ಆಷಾಢದ ಮಳೆಯಲ್ಲಿ ಕರೆಂಟು ಯಾವಾಗ ಹೋದೀತೆಂದು ಹೇಳುವವರಿಲ್ಲ. ಆದ್ದರಿಂದ ವಿಂಡೋಸ್ ಕಂಪ್ಯೂಟರನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್‌ಗೆ ಕೈಹಾಕುವ ಮುಂಚೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಸಿಕ್ಕಿಸಿರಲಿ. ಶುರುವಾದ ಮೇಲೆ ನಡುವೆ ನಿಲ್ಲಿಸಲು ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಹೊಸ ಸೌಂಡ್ ಡ್ರೈವರ್ ಹಾಕಿದ್ದೇ ತಡ, ಪರದೆಯ ಮೇಲಿನದನ್ನು ನನಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಬಾಯಿ ಕಟ್ಟಿತು. ಕಣ್ಣು ಕಾಣುವವರಿಗಾದರೆ ಹಾಡು ಕೇಳದು, ಅಷ್ಟೆ. ನಮಗೆ ಪರದೆಯೇ ಹೋದಂತೆ. ಅಂದು ಕಾಪಾಡಿದ್ದು ಯುಎಸ್‌ಬಿ ಹೆಡ್‌ಸೆಟ್. ಅದರೊಳಗೆ ಅದರದೇ ಸೌಂಡ್ ಕಾರ್ಡ್ ಇರುತ್ತದೆ. ಒಂದು ಮನೆಯಲ್ಲಿರಲಿ.

ಹಿಂದೆ ಹೋಗಬೇಕೆಂದರೆ ಹೋಗಲೊಂದು ಜಾಗ ಬೇಕಲ್ಲ? ಎಲ್ಲ ಸರಿ ಇರುವಾಗಲೇ ವಿಂಡೋಸ್ ಕೀ ಒತ್ತಿ ಇಂಗ್ಲಿಷಿನಲ್ಲಿ ‘ರಿಸ್ಟೋರ್ ಪಾಯಿಂಟ್’ ಎಂದು ಟೈಪಿಸಿ, ಎಂಟರ್ ಕೊಡಿ. ಟ್ಯಾಬ್ ಒತ್ತುತ್ತ ಡ್ರೈವ್‌ಗಳ ಪಟ್ಟಿಗೆ ಬಂದು ಸಿ ಡ್ರೈವ್ ಮೇಲೆ ನಿಲ್ಲಿ. ‘ಆಫ್’ ಎಂದು ಕೇಳಿಸಿದರೆ (ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆಫ್ ಆಗಿಯೇ ಇರುತ್ತದೆ) ಕಾನ್ಫಿಗರ್ ಬಟನ್‌ಗೆ ಹೋಗಿ ಆನ್ ಮಾಡಿ. ಆಮೇಲೆ ಕ್ರಿಯೇಟ್ ಒತ್ತಿ ಒಂದು ಹೆಸರು ಕೊಡಿ.

ಮರಳುವ ದಿನ ವಿಂಡೋಸ್ ಮತ್ತು ಆರ್ ಒಟ್ಟಿಗೆ ಒತ್ತಿ, ಆರ್-ಎಸ್-ಟಿ-ಆರ್-ಯು-ಐ ಬರೆದು ಎಂಟರ್ ಒತ್ತಿ. ಅನುಮತಿ ಕೇಳುವ ಪರದೆಯನ್ನು ಪೆನ್‌ಡ್ರೈವ್‌ನಿಂದ ಓಡಿಸುವ ಪೋರ್ಟಬಲ್ ಎನ್‌ವಿಡಿಎ ಓದಲಾರದು. ಇನ್‌ಸ್ಟಾಲ್ ಮಾಡಿದ್ದೇ ಬೇಕು. ಪಟ್ಟಿಯಲ್ಲಿ ಬಾಣದ ಕೀಲಿಯಿಂದ ದಿನಾಂಕ ಆರಿಸಿ. ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಬಟನ್ ಒತ್ತದೆ ಮುಂದೆ ಹೋಗಬೇಡಿ: ಆ ದಿನಾಂಕದ ನಂತರ ಹಾಕಿದ ಪ್ರೋಗ್ರಾಮ್‌ಗಳು ಅಳಿಯುತ್ತವೆ, ಅದರಲ್ಲಿ ನಿಮ್ಮ ಸ್ಕ್ರೀನ್ ರೀಡರ್ ಕೂಡ ಇದ್ದೀತು. ನಿಮ್ಮ ಪತ್ರ, ಫೋಟೊಗಳಿಗೆ ಏನೂ ಆಗದು.

ಫಿನಿಶ್ ಒತ್ತಿ, ಆಮೇಲೆ ಯೆಸ್. ಇನ್ನು ಮೌನ.

ಕಷ್ಟದ ಹೊತ್ತೆಂದರೆ ಇದೇ. ಪರದೆಯ ಮೇಲೆ ಕೆಲಸ ನಡೆದಿರುತ್ತದೆ, ಓದಿ ಹೇಳುವವರಿಲ್ಲ. ಕೆಟ್ಟೇಹೋಯಿತೆಂದು ಪವರ್ ಬಟನ್ ಒತ್ತಿದರೆ ನಿಜವಾಗಿಯೂ ಕೆಡಬಹುದು. ನಾನು ಲ್ಯಾಪ್‌ಟಾಪಿನ ಮಗ್ಗುಲಿಗೆ ಅಂಗೈ ಇಟ್ಟು, ಫ್ಯಾನಿನ ಸದ್ದು ಆಲಿಸುತ್ತ ಕೂತಿದ್ದೆ. ಹಂಚಿನ ಮೇಲಿನ ಮಳೆಯಲ್ಲಿ ಅದೂ ಸರಿಯಾಗಿ ಕೇಳದು. ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಎನ್‌ವಿಡಿಎಯ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಸೈನ್-ಇನ್ ಹೊತ್ತಿಗೂ ಮಾತಾಡುವ ಆಯ್ಕೆ ಆನ್ ಆಗಿದ್ದರೆ ಅದೇ ಕರೆಯುತ್ತದೆ. ಇಲ್ಲದಿದ್ದರೆ ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿ; ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನರೇಟರ್ ದನಿ ಕೇಳಿದರೆ ಪಾಸ್‌ವರ್ಡ್ ಹಾಕಬಹುದು.

ಸರಿಹೋಗುವ ಬದಲು ಇನ್ನಷ್ಟು ಕೆಟ್ಟಿದೆಯೆ? ಅದೇ ಆರಕ್ಷರ ಮತ್ತೆ ಬರೆಯಿರಿ. ಈ ಸಲ ‘ಅನ್‌ಡೂ’ ಎಂಬ ಆಯ್ಕೆಯೂ ಕೇಳಿಸುತ್ತದೆ.